ಒಂದೇ ವರ್ಷದ ಸಂಸಾರ: ಹಿತ್ತಲಿನ ಬಂಬಲ್‌ಬೀ

ಬ್ರಿಟನ್ನಿನಲ್ಲಿ ಮಾರ್ಚ್ ಹೊತ್ತಿಗೆ ಬಿಸಿಲು ಸ್ವಲ್ಪ ಏರಿತೆಂದರೆ, ಮನೆಗಳ ಹಿತ್ತಲಲ್ಲಿ ಮೈತುಂಬ ರೋಮವಿರುವ ದಪ್ಪನೆಯ ನೊಣವೊಂದು ನೆಲ ಸವರುವಂತೆ ಅಡ್ಡಾದಿಡ್ಡಿ ಹಾರಾಡುತ್ತದೆ. ಹೂವಿನ ಕಡೆ ಅದರ ಗಮನವಿಲ್ಲ. ಬೇಲಿಯ ಬುಡ, ತರಗೆಲೆಯ ರಾಶಿ, ಕಲ್ಲಿನ ಸಂದು, ಎಲ್ಲದರೊಳಗೂ ನುಸುಳಿ ಹೊರಬರುತ್ತದೆ. ಅದು ಗೂಡಿಗೆ ಜಾಗ ಹುಡುಕುತ್ತಿರುವ ಬಂಬಲ್‌ಬೀ ರಾಣಿ.

ನಮ್ಮ ತುಡುವೆ ಜೇನಿನ ಕುಟುಂಬ ಎರಡಾಗುವಾಗ ರಾಣಿಯ ಜೊತೆ ಕೆಲಸಗಾರ ನೊಣಗಳ ದಂಡೇ ಹೊರಡುತ್ತದೆ. ಬಂಬಲ್‌ಬೀ ರಾಣಿಗೆ ಆ ಭಾಗ್ಯವಿಲ್ಲ. ಅವಳು ಹುಟ್ಟಿದ ಗೂಡು ಹೋದ ವರ್ಷವೇ ಅಳಿದಿದೆ. ತಾಯಿ, ಅಕ್ಕಂದಿರು, ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ಇಡೀ ಸಂಸಾರವನ್ನು ಅವಳೊಬ್ಬಳೇ ಮೊದಲಿಂದ ಕಟ್ಟಬೇಕು. ಈ ಒಂದು ಸಂಗತಿ ತಿಳಿದರೆ ಬಂಬಲ್‌ಬೀಯ ಉಳಿದ ನಡವಳಿಕೆ ತಾನಾಗಿ ಅರ್ಥವಾಗುತ್ತದೆ.

ಜಗತ್ತಿನಲ್ಲಿ ಬಂಬಲ್‌ಬೀಯ 250ಕ್ಕೂ ಹೆಚ್ಚು ಪ್ರಭೇದಗಳಿವೆ, ಬ್ರಿಟನ್ನಿನಲ್ಲಿ 24. ಬಹುಪಾಲು ತಂಪು ನಾಡಿನ ಜೀವಿಗಳು. ಭಾರತದಲ್ಲಿ ಇವು ಕಾಣಸಿಗುವುದು ಹಿಮಾಲಯದ ಉದ್ದಕ್ಕೂ. ಕರ್ನಾಟಕದಲ್ಲಿ ಒಣಮರ, ಬಿದಿರು ಕೊರೆಯುವ ಕಪ್ಪು ದುಂಬಿ ನೋಟಕ್ಕೆ ಇದರಂತೆಯೇ ದಪ್ಪಗಿದ್ದರೂ ಅದರ ವಂಶ ಬೇರೆ.

ಇಲಿ ಬಿಟ್ಟುಹೋದ ಮನೆ

ಬಾಲದ ತುದಿ ನಸುಕಂದಾಗಿರುವ ಬಾಂಬಸ್ ಟೆರೆಸ್ಟ್ರಿಸ್ ರಾಣಿಗೆ ಇಷ್ಟವಾದ ಜಾಗ ಇಲಿಗಳ ಹಳೆಯ ಬಿಲ. ಒಳಗೆ ಇಲಿ ತಂದು ಹಾಸಿದ ಒಣಹುಲ್ಲು ಇರುತ್ತದೆ. ಚಳಿ ತಡೆಯಲು ಅದಕ್ಕಿಂತ ಒಳ್ಳೆಯ ಹಾಸಿಗೆ ಬೇಕಿಲ್ಲ. ಆದರೆ ಇದೇ ಇಲಿ ಗೂಡಿನ ವೈರಿಯೂ ಹೌದು, ಒಳಹೊಕ್ಕರೆ ಎಲ್ಲವನ್ನೂ ತಿಂದುಹಾಕುತ್ತದೆ. ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ ಹಿಡಿದು ಒಂದು ಸರಪಳಿ ಹೆಣೆದ: ಊರಲ್ಲಿ ಬೆಕ್ಕು ಹೆಚ್ಚಿದರೆ ಇಲಿ ಕಡಿಮೆ, ಇಲಿ ಕಡಿಮೆಯಾದರೆ ಬಂಬಲ್‌ಬೀ ಹೆಚ್ಚು, ಬಂಬಲ್‌ಬೀ ಹೆಚ್ಚಿದರೆ ಕೆಂಪು ಕ್ಲೋವರ್ ಮೇವಿನ ಗಿಡಕ್ಕೆ ಬೀಜವೂ ಹೆಚ್ಚು.

ಕೆಲವು ಪ್ರಭೇದಗಳು ನೆಲದೊಳಗೆ ಇಳಿಯುವುದಿಲ್ಲ. ಕಂದುಬಣ್ಣದ ಬಾಂಬಸ್ ಪಾಸ್ಕುವೋರಮ್ ಹುಲ್ಲಿನ ಬುಡದಲ್ಲಿ ಪಾಚಿ ಹೊದಿಸಿ ಗೂಡು ಮಾಡುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿ ಕಂಡ ಬಾಂಬಸ್ ಹಿಪ್ನೋರಮ್, ಹಕ್ಕಿಗಳಿಗೆಂದು ಗೋಡೆಗೆ ತೂಗುಹಾಕಿದ ಪೆಟ್ಟಿಗೆಯನ್ನೇ ಹಿಡಿಯುತ್ತದೆ.

ಕಾವು ಕೂರುವ ರಾಣಿ

ಜಾಗ ಸಿಕ್ಕಿದ ಮೇಲೆ ರಾಣಿ ಪರಾಗ ತಂದು ಒಂದು ಉಂಡೆ ಮಾಡಿ, ಅದರಲ್ಲಿ ಹತ್ತಾರು ಮೊಟ್ಟೆಯಿಟ್ಟು, ಮೇಣ ಮೆತ್ತುತ್ತಾಳೆ. ಮೇಣ ಸ್ರವಿಸುವುದು ಅವಳ ಹೊಟ್ಟೆಯ ಪದರಗಳ ನಡುವೆ. ಅದೇ ಮೇಣದಿಂದ ಬೆರಳತುದಿಯಷ್ಟು ಪುಟ್ಟ ಕುಡಿಕೆಯೊಂದನ್ನು ಮಾಡಿ ಮಕರಂದ ತುಂಬಿಡುತ್ತಾಳೆ. ಆಮೇಲೆ ಕೋಳಿಯ ಹಾಗೆ ಮೊಟ್ಟೆಯ ಮೇಲೆ ಕಾವು ಕೂರುತ್ತಾಳೆ.

ಹೊರಗೆ ಕೊರೆಯುವ ಚಳಿ ಇರುವಾಗ ಈ ಕಾವು ಬರುವುದು ಎಲ್ಲಿಂದ? ಹಾರಾಟದ ಸ್ನಾಯುಗಳಿಂದ. ರೆಕ್ಕೆ ಅಲುಗದಂತೆ ಇಟ್ಟುಕೊಂಡು ಎದೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ ರಾಣಿ ಮೈಯನ್ನು ಬಿಸಿ ಮಾಡಿಕೊಳ್ಳುತ್ತಾಳೆ. ರೋಮ ಕಡಿಮೆಯಿರುವ ಹೊಟ್ಟೆಯ ಅಡಿಭಾಗವನ್ನು ಉಂಡೆಗೆ ಒತ್ತಿ ಹಿಡಿಯುತ್ತಾಳೆ. ಮೊಟ್ಟೆಗಳ ಬಳಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಕೆಲಸ ಸಕ್ಕರೆಯನ್ನು ಕುಡಿದುಹಾಕುತ್ತದೆ. ಹಾಗಾಗಿಯೇ ಕುಡಿಕೆ ಇರುವುದು ನಾಲಗೆಗೆ ಎಟುಕುವಷ್ಟು ಹತ್ತಿರ. ಕೂತಲ್ಲಿಂದ ಏಳದೆ ಹೀರಬಹುದು. ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಆ ಕುಡಿಕೆಯೇ ಗತಿ.

ನಾಲ್ಕೈದು ದಿನಕ್ಕೆ ಮರಿಹುಳು ಹೊರಬಂದು ಪರಾಗ ತಿಂದು ಬೆಳೆದು, ತನ್ನ ಸುತ್ತ ರೇಷ್ಮೆಯ ಗೂಡು ನೇಯ್ದುಕೊಳ್ಳುತ್ತದೆ. ಮೊಟ್ಟೆಯಿಟ್ಟ ನಾಲ್ಕೈದು ವಾರದೊಳಗೆ ಮೊದಲ ಕೆಲಸಗಾರ ನೊಣಗಳು ಸಿದ್ಧ. ಹುಟ್ಟಿದಾಗ ಅವುಗಳ ರೋಮ ಬೂದು, ಮೈಗೆ ಅಂಟಿಕೊಂಡಂತೆ ಇರುತ್ತದೆ. ಹಳದಿ ಪಟ್ಟೆ ಮೂಡಲು ಒಂದು ದಿನ ಬೇಕು. ಇವೆಲ್ಲ ಹೆಣ್ಣು. ಇವು ಪರಾಗಕ್ಕೆ ಹೊರಡತೊಡಗಿದ ಮೇಲೆ ರಾಣಿ ಹೊರಗೆ ಬರುವುದನ್ನು ಬಿಟ್ಟು ಮೊಟ್ಟೆಯಿಡುವುದಕ್ಕೇ ನಿಲ್ಲುತ್ತಾಳೆ.

ತುಂಬಿದ ಗೂಡು

ಬೇಸಿಗೆಯ ನಡುವೆ ಗೂಡಿನಲ್ಲಿ ನೂರಾರು ನೊಣಗಳಿರಬಹುದು. ಆದರೂ ಜೇನು ಕೊಯ್ಯುವಷ್ಟು ಇರುವುದಿಲ್ಲ. ಚಳಿಗಾಲಕ್ಕೆ ಇಡೀ ಕುಟುಂಬ ಉಳಿಯುವುದೇ ಇಲ್ಲವಾದ್ದರಿಂದ ಕೂಡಿಡುವ ಪ್ರಮೇಯವಿಲ್ಲ. ಕುಡಿಕೆಗಳಲ್ಲಿರುವುದು ಕೆಲವೇ ದಿನದ ದಾಸ್ತಾನು.

ಇವು ಹೂವಿನಲ್ಲಿ ಮಾಡುವ ಕೆಲಸ ಜೇನುನೊಣಕ್ಕೆ ಆಗದು. ಟೊಮ್ಯಾಟೊ ಹೂವಿನ ಪರಾಗ ಕೊಳವೆಯಂಥ ಕೇಸರದೊಳಗೆ ಬಿಗಿಯಾಗಿರುತ್ತದೆ. ಬಂಬಲ್‌ಬೀ ಹೂವನ್ನು ಕಚ್ಚಿ ಹಿಡಿದು, ಕಾವಿಗೆ ಬಳಸಿದ ಅದೇ ಸ್ನಾಯುಗಳನ್ನು ಝೇಂಕರಿಸಿ ಪರಾಗ ಉದುರಿಸಿಕೊಳ್ಳುತ್ತದೆ. 1980ರ ದಶಕದ ಕೊನೆಯಿಂದ ಯುರೋಪಿನ ಗಾಜಿನಮನೆಗಳಲ್ಲಿ ಟೊಮ್ಯಾಟೊ ಬೆಳೆಯುವವರು ಇವುಗಳ ಗೂಡನ್ನೇ ಪೆಟ್ಟಿಗೆಯಲ್ಲಿ ಕೊಂಡು ತರುತ್ತಾರೆ. ಅದಕ್ಕೂ ಮೊದಲು, 1885ರಲ್ಲಿ, ಕೆಂಪು ಕ್ಲೋವರ್ ಬೀಜ ಕಟ್ಟಲೆಂದು ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ರಾಣಿಯರನ್ನು ಹಡಗಿನಲ್ಲಿ ಸಾಗಿಸಿದ್ದರು.

ತುಂಬಿದ ಗೂಡಿಗೆ ಕಳ್ಳರೂ ಉಂಟು. ಕೋಗಿಲೆಯ ಜಾಡು ಹಿಡಿದ ಬಾಂಬಸ್ ವೆಸ್ಟಾಲಿಸ್ ಎಂಬ ಬಂಬಲ್‌ಬೀ ಟೆರೆಸ್ಟ್ರಿಸ್ ಗೂಡಿಗೆ ನುಗ್ಗಿ, ರಾಣಿಯನ್ನು ಮಣಿಸಿಯೋ ಕೊಂದೋ, ಅವಳ ಮಕ್ಕಳಿಂದಲೇ ತನ್ನ ಮರಿಗಳನ್ನು ಸಾಕಿಸಿಕೊಳ್ಳುತ್ತದೆ. ಪರಾಗ ಹೊರುವ ಬುಟ್ಟಿ ಅದರ ಕಾಲಿನಲ್ಲಿ ಇಲ್ಲವೇ ಇಲ್ಲ.

ಕೊನೆ ಮತ್ತು ಮುಂದಿನ ಬಿತ್ತನೆ

ಬೇಸಿಗೆ ಮಾಗುತ್ತಿದ್ದಂತೆ ರಾಣಿ ಫಲಿತಗೊಳ್ಳದ ಮೊಟ್ಟೆಗಳನ್ನೂ ಇಡತೊಡಗುತ್ತಾಳೆ. ಅವುಗಳಿಂದ ಗಂಡು ಹುಟ್ಟುತ್ತವೆ. ಫಲಿತ ಮೊಟ್ಟೆಯ ಕೆಲವು ಮರಿಗಳು ಹೊಸ ರಾಣಿಯರಾಗಿ ಬೆಳೆಯುತ್ತವೆ. ಗೂಡಿನ ಶಿಸ್ತು ಈಗ ಸಡಿಲ: ಕೆಲಸಗಾರ್ತಿಯರೂ ಗಂಡು ಮೊಟ್ಟೆ ಇಡಲು ನೋಡುತ್ತಾರೆ, ರಾಣಿಯೊಂದಿಗೆ ಜಗಳ ಬೀಳುತ್ತದೆ. ಗಂಡುಗಳು ಒಮ್ಮೆ ಹೊರಟರೆ ವಾಪಸು ಬರುವುದಿಲ್ಲ, ರಾತ್ರಿ ಹೂವಿನ ಮೇಲೇ ಮಲಗುತ್ತವೆ. ಹೊಸ ರಾಣಿಯರು ಕೂಡಿ, ಹೊಟ್ಟೆತುಂಬ ತಿಂದು ಕೊಬ್ಬು ಸೇರಿಸಿಕೊಂಡು ಮಣ್ಣು ಕೊರೆದು ಒಳಸೇರುತ್ತಾರೆ. ಅವರು ಹೆಚ್ಚಾಗಿ ಆರಿಸುವುದು ಉತ್ತರಕ್ಕೆ ಮುಖಮಾಡಿದ ದಿಬ್ಬವನ್ನು. ಚಳಿಗಾಲದ ಎಳೆಬಿಸಿಲು ಅಲ್ಲಿ ಮಣ್ಣನ್ನು ಕಾಯಿಸದು, ಅಕಾಲದಲ್ಲಿ ಎಚ್ಚರವಾಗುವ ಅಪಾಯವಿಲ್ಲ. ಹಳೆಯ ರಾಣಿ, ಕೆಲಸಗಾರರು, ಗಂಡುಗಳು ಶರತ್ಕಾಲದೊಳಗೆ ಸಾಯುತ್ತವೆ.

ಹಿತ್ತಲಲ್ಲಿ ಗೂಡು ಕಂಡರೆ

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಪ್ರಶ್ನೆ ಎದುರಾಗಬಹುದು. ಹಕ್ಕಿಪೆಟ್ಟಿಗೆಯ ಮುಂದೆ ಜೂನ್ ಹೊತ್ತಿಗೆ ನೊಣಗಳು ಮುತ್ತಿಕೊಂಡು ಹಾರುತ್ತಿದ್ದರೆ ಅವು ಬಹುತೇಕ ರಾಣಿಗಾಗಿ ಕಾದ ಗಂಡುಗಳು. ಗಂಡಿಗೆ ಕೊಂಡಿಯಿಲ್ಲ, ಕಚ್ಚುವ ಭಯವಿಲ್ಲ. ಹೆಣ್ಣಿಗೆ ಕೊಂಡಿ ಇದೆ, ಬೇಕಾದರೆ ಮತ್ತೆ ಮತ್ತೆ ಚುಚ್ಚಬಲ್ಲದು. ಆದರೆ ಗೂಡು ಕೆದಕದೆ ಅದು ಮೇಲೆ ಬೀಳುವುದು ಅಪರೂಪ. ಹತ್ತಿರ ಹೋದಾಗ ನಡುಗಾಲನ್ನು ಮೇಲೆತ್ತಿದರೆ ದೂರ ಸರಿ ಎಂದರ್ಥ. ಔಷಧಿ ಹೊಡೆಯುವುದು ಬೇಡ. ಕೆಲವೇ ತಿಂಗಳಲ್ಲಿ ಗೂಡು ತಾನಾಗಿ ಖಾಲಿಯಾಗುತ್ತದೆ.

ಜೂನಿನಲ್ಲಿ ಹೂವಿಗೆ ಬರವಿಲ್ಲ. ಕಷ್ಟವಿರುವುದು ರಾಣಿ ಒಂಟಿಯಾಗಿರುವ ಮಾರ್ಚಿನಲ್ಲಿ. ಆಗ ಅರಳುವ ಕ್ರೋಕಸ್ ಅಥವಾ ವಿಲ್ಲೋ ಹಿತ್ತಲಲ್ಲಿದ್ದು, ಒಂದು ಮೂಲೆಯ ಹುಲ್ಲು ಕೊಯ್ಯದೆ ಬಿಟ್ಟಿದ್ದರೆ, ಬೇಸಿಗೆಯ ನೂರಾರು ನೊಣಗಳಿಗೆ ಬೇಕಾದ ಸಹಾಯ ಅಷ್ಟೇ.