1855ರ ಆಚೆ, ಈಚೆ: ಸ್ಕಾಟ್ಲೆಂಡಿನ ವಂಶಾವಳಿ ಹುಡುಕುವ ಬಗೆ

ಸ್ಕಾಟ್ಲೆಂಡಿನಲ್ಲಿ ಜನನ, ಮದುವೆ, ಮರಣಗಳನ್ನು ಸರ್ಕಾರವೇ ಕಡ್ಡಾಯವಾಗಿ ದಾಖಲಿಸತೊಡಗಿದ್ದು 1855ರ ಜನವರಿ 1ರಿಂದ. ಅದಕ್ಕೂ ಹಿಂದಿನವರ ಸುಳಿವು ಸಿಗಬೇಕಾದದ್ದು ಹೆಚ್ಚಾಗಿ ಚರ್ಚಿನ ಪುಸ್ತಕಗಳಲ್ಲಿ. ಹೀಗಾಗಿ ಹುಡುಕಾಟ ಇತ್ತೀಚಿನ ತಲೆಮಾರಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು ಇಳಿಯುತ್ತ ಸಾಗುತ್ತದೆ.

ಮೊದಲ ವರ್ಷದ ಉತ್ಸಾಹ ದೊಡ್ಡದಿತ್ತು. 1855ರ ಜನನ ದಾಖಲೆಯಲ್ಲಿ ತಂದೆತಾಯಿಯ ವಯಸ್ಸು, ಹುಟ್ಟೂರು, ಅವರ ಮದುವೆ ಎಲ್ಲಿ ಯಾವಾಗ ಆಯಿತು, ಹಿಂದೆ ಹುಟ್ಟಿದ ಮಕ್ಕಳೆಷ್ಟು ಎಂಬುದೆಲ್ಲ ಇದೆ. ಇಷ್ಟನ್ನು ಬರೆಯುವುದು ಹೊರೆಯಾಗಿ ಮರುವರ್ಷವೇ ವಿವರಗಳಿಗೆ ಕತ್ತರಿ ಬಿತ್ತು. ತಂದೆತಾಯಿಯ ಮದುವೆಯ ತಾರೀಖು, ಸ್ಥಳ ಮಾತ್ರ 1861ರಲ್ಲಿ ಮರಳಿದವು. ಮರಣದ ದಾಖಲೆಯಲ್ಲಿ ತೀರಿಕೊಂಡವರ ತಾಯಿಯ ತವರಿನ ಹೆಸರೂ ಇರುವುದು ದೊಡ್ಡ ಅನುಕೂಲ. 1860ರಲ್ಲಿ ಸತ್ತ ಎಂಬತ್ತರ ಮುದುಕಿಯಿಂದ ಹದಿನೆಂಟನೇ ಶತಮಾನದ ದಂಪತಿಯನ್ನು ಮುಟ್ಟಬಹುದು. ಆದರೆ ವಿವರ ಕೊಟ್ಟವನು ಅಳಿಯನೋ ನೆರೆಯವನೋ ಆಗಿದ್ದರೆ, ತಾನು ಕಂಡೇ ಇರದವರ ಹೆಸರನ್ನು ಅವನು ತಪ್ಪಾಗಿ ಹೇಳಿರಲೂಬಹುದು.

ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಲ್ಲಿ 1841ರಿಂದೀಚೆಗೆ ಮನೆಮಂದಿಯ ಹೆಸರುಗಳು ಸಿಗುತ್ತವೆ. ಆ ಸಲ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದರು, 34ರವನು 30ರವನಾದ. ಯಾರು ಯಾರಿಗೆ ಏನಾಗಬೇಕು ಎಂಬುದನ್ನೂ ಬರೆಯಲಿಲ್ಲ. 1851ರಲ್ಲಿ ಸಂಬಂಧದ ಜೊತೆಗೆ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಕೂಡ ದಾಖಲಾಯಿತು. ಹಳೆಯ ಚರ್ಚ್ ಪುಸ್ತಕಗಳಲ್ಲಿ ಯಾವುದನ್ನು ತೆರೆಯಬೇಕೆಂದು ತಿಳಿಸುವುದು ಈ ಪ್ಯಾರಿಷ್‌ನ ಹೆಸರೇ. ಗಣತಿಯ ಹಾಳೆಗಳು ನೂರು ವರ್ಷ ಗುಟ್ಟಾಗಿರುತ್ತವೆ. 1921ರವು 2022ರಲ್ಲಿ ತೆರೆದುಕೊಂಡವು.

ಪ್ಯಾರಿಷ್ ಪುಸ್ತಕಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರಿಂದ ಶುರುವಾಗುತ್ತದೆ. ಅದನ್ನು ನೋಡಿ ಎಲ್ಲ ಕಡೆಯೂ ಹಾಗೇ ಎಂದುಕೊಂಡರೆ ನಿರಾಸೆ ಖಂಡಿತ. ಉತ್ತರದ ಬೆಟ್ಟನಾಡು, ದ್ವೀಪಗಳ ಪುಸ್ತಕಗಳು ಎಷ್ಟೋ ತಡವಾಗಿ ಆರಂಭವಾದವು. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ಸ್ ತೆರಿಗೆಯಿತ್ತು. ಎಷ್ಟೋ ಜನ ಬರೆಸುವುದನ್ನೇ ಬಿಟ್ಟರು. ಅಧಿಕೃತ ಚರ್ಚಿನಿಂದ ಸಿಡಿದವರು, ಅದರಲ್ಲೂ 1843ರಲ್ಲಿ ಹೊರನಡೆದ ದೊಡ್ಡ ಗುಂಪು, ಬೇರೆ ಪುಸ್ತಕ ಇಟ್ಟುಕೊಂಡರು. ಹೂಳಿದ್ದರ ದಾಖಲೆ ಎಷ್ಟೋ ಕಡೆ ಇಲ್ಲ. ಅಂಥಲ್ಲಿ ಕೆಲವೊಮ್ಮೆ ಶವಕ್ಕೆ ಹೊದಿಸುವ ಬಟ್ಟೆಯ ಬಾಡಿಗೆ ಲೆಕ್ಕವಷ್ಟೇ ಸಾವಿನ ಗುರುತು.

ಇಂಥ ಕಂದಕ ದಾಟಲು ಹೆಸರಿಡುವ ರೂಢಿ ಒದಗುತ್ತದೆ. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಹಿರಿಮಗಳಿಗೆ ತಾಯಿಯ ತಾಯಿಯದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಕನ್ನಡದ ಮನೆಗಳಿಗೆ ಇದೇನೂ ಹೊಸತಲ್ಲ. ಆದರೂ ಇದು ಊಹೆಗೆ ಆಸರೆ, ಪುರಾವೆಯಲ್ಲ. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ನಾಲ್ವರು ದಾಯಾದಿಗಳು ಸಿಕ್ಕುವುದೂ ಇದೇ ರೂಢಿಯಿಂದ.

ಮಗುವಿನ ತಂದೆಯ ಹೆಸರೇ ಇಲ್ಲದಿದ್ದಾಗ ನೋಡಬೇಕಾದದ್ದು ಕರ್ಕ್ ಸೆಷನ್ ನಡಾವಳಿ. ಪಾದ್ರಿ ಮತ್ತು ಊರ ಹಿರಿಯರ ಈ ಸಭೆ ಮದುವೆಯಾಗದ ತಾಯಿಯನ್ನು ಕರೆಸಿ, ತಂದೆ ಯಾರೆಂದು ಕೇಳಿ, ಉತ್ತರವನ್ನು ಬರೆದಿಡುತ್ತಿತ್ತು. ಅಂದು ಆಕೆಯನ್ನು ತಲೆತಗ್ಗಿಸುವಂತೆ ಮಾಡಿದ ಆ ಸಾಲಿನಲ್ಲೇ ಇಂದಿನ ಮರಿಮಕ್ಕಳಿಗೆ ಮುತ್ತಜ್ಜನ ಹೆಸರು ಸಿಗುತ್ತದೆ.