ಶಾಸ್ತ್ರೀಯ ಸಂಗೀತದ ಹಳೆಯ ಪ್ಲೇಟುಗಳು

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33 1/3 ಸುತ್ತು ತಿರುಗುವ ವಿನೈಲ್ ಎಲ್‌ಪಿಯನ್ನು ಹೊರತಂದದ್ದೂ ಅದೇ ವರ್ಷ. ಬೆಂಗಳೂರಿನ ದಕ್ಷಿಣ ಬಡಾವಣೆಗಳು ಬೆಳೆದ ಕಾಲ ಮತ್ತು ಎಲ್‌ಪಿ ನಮ್ಮ ಮನೆಗಳ ಹಜಾರಕ್ಕೆ ಬಂದ ಕಾಲ ಹೆಚ್ಚುಕಡಿಮೆ ಒಂದೇ. ಜಯನಗರ, ಬನಶಂಕರಿಗಳಲ್ಲಿ ಸೈಟು ಕೊಂಡು ಮನೆ ಕಟ್ಟಿದ ಬ್ಯಾಂಕಿನವರು, ಮೇಷ್ಟ್ರುಗಳು, ಸರ್ಕಾರಿ ನೌಕರರಲ್ಲಿ ಅನೇಕರು ಕೆ.ಆರ್. ರಸ್ತೆಯ ಗಾಯನ ಸಮಾಜದ ಕಚೇರಿಗಳಿಗೂ ಚಾಮರಾಜಪೇಟೆಯ ರಾಮೋತ್ಸವಕ್ಕೂ ತಪ್ಪದೆ ಹೋಗುತ್ತಿದ್ದವರು. ಕಚೇರಿಯಲ್ಲಿ ಕೇಳಿದ ವಿದ್ವಾಂಸರನ್ನು ಮನೆಯಲ್ಲಿ ಮತ್ತೆ ಕೇಳಲು ರೇಡಿಯೊ ಬಿಟ್ಟರೆ ಪ್ಲೇಟೊಂದೇ ದಾರಿಯಾಗಿತ್ತು. ಈಗ ಆ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಅಟ್ಟದ ಮೇಲಿದ್ದ ಪ್ಲೇಟಿನ ಕಟ್ಟು ಗುಜರಿಯವರ ಗಾಡಿ ಸೇರುತ್ತದೆ. ಬಿಟಿಎಂ ಬಡಾವಣೆಯಲ್ಲೋ ಜೆ.ಪಿ. ನಗರದಲ್ಲೋ ಬಾಡಿಗೆಗಿರುವ, ಎಲ್‌ಪಿಗಳ ಕಾಲ ಮುಗಿದ ಮೇಲೆ ಹುಟ್ಟಿದ ಯಾರೋ ಒಬ್ಬರು ಅಲ್ಲಿಂದ ಅದನ್ನು ಮತ್ತೆ ಮನೆಗೆ ತರುತ್ತಾರೆ.

ಸಂಗ್ರಹ ಶುರುಮಾಡುವವರು ಮೊದಲು ತಿಳಿಯಬೇಕಾದದ್ದು ಪ್ಲೇಟುಗಳ ಜಾತಿ. ಅತಿ ಹಳೆಯವು ನಿಮಿಷಕ್ಕೆ 78 ಸುತ್ತಿನವು. ಇವು ವಿನೈಲ್ ಅಲ್ಲ. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಅಚ್ಚು ಹೊಡೆದವು. ಜಗತ್ತಿನ ಪ್ಲೇಟು ಕಾರ್ಖಾನೆಗಳಿಗೆ ಬಹುಪಾಲು ಅರಗು ಹೋಗುತ್ತಿದ್ದದ್ದು ಭಾರತದಿಂದಲೇ. ಕೈಯಲ್ಲಿ ಹಿಡಿದರೆ ತೂಕ, ನೆಲಕ್ಕೆ ಬಿದ್ದರೆ ಚೂರು. ಹತ್ತು ಇಂಚಿನ 78ರ ಒಂದು ಬದಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತದೆ. 1902ರ ನವೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗಿನಿಂದ ಕಲಾವಿದರು ಈ ಮೂರು ನಿಮಿಷದ ಕಟ್ಟಿನೊಳಗೇ ರಾಗವನ್ನು ಹಿಡಿಯಬೇಕಾಯಿತು. ಆ ಕಾಲದ ಪ್ಲೇಟುಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಗಾಯಕಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಕೇಳಿಸುತ್ತದೆ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ಗೊತ್ತಾಗಲಿ ಎಂದು ಮಾಡಿಕೊಂಡ ಏರ್ಪಾಡು ಅದು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

78ರ ನಂತರದ್ದು ಏಳು ಇಂಚಿನ, 45 ಸುತ್ತಿನ ಇಪಿ. ಕನ್ನಡದ ಮನೆಗಳಲ್ಲಿ ಇದು ಹೆಚ್ಚಾಗಿ ಚಿತ್ರಗೀತೆ, ಭಕ್ತಿಗೀತೆಗಳ ತಟ್ಟೆ. ಶಾಸ್ತ್ರೀಯ ಸಂಗೀತಕ್ಕೆ ನಿಜವಾದ ಬಿಡುವು ಸಿಕ್ಕಿದ್ದು ಹನ್ನೆರಡು ಇಂಚಿನ ಎಲ್‌ಪಿಯಲ್ಲಿ. ಒಂದು ಬದಿಗೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆಲಾಪನೆ, ಕೃತಿ, ನೆರವಲ್, ಸ್ವರಪ್ರಸ್ತಾರ ಎಲ್ಲಕ್ಕೂ ಒಂದಿಷ್ಟು ಜಾಗ. ಖಯಾಲ್ ಹಾಡುವವರಿಗೆ ವಿಲಂಬಿತದಲ್ಲಿ ಕೂತು ಬೆಳೆಸುವ ಅವಕಾಶ. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದ ಎಚ್‌ಎಂವಿ ಎಲ್‌ಪಿಗಳೇ ಮಾರುಕಟ್ಟೆಯಲ್ಲಿ ಹೆಚ್ಚು. ಅದೇ ಕಂಪನಿಯ ಕೊಲಂಬಿಯಾ ಲೇಬಲ್, ಮುಂದೆ ಬಂದ ಪಾಲಿಡೋರ್, ಇನ್‌ರೆಕೊ, ಸಂಗೀತಾ ಲೇಬಲ್‌ಗಳೂ ಸಿಗುತ್ತವೆ. ಎಚ್‌ಎಂವಿ ಪ್ಲೇಟಿನ ಸಂಖ್ಯೆಗೆ ಮುಂಚೆ ಇಎಎಲ್‌ಪಿ ಅಥವಾ ಇಸಿಎಲ್‌ಪಿ ಎಂದಿದ್ದರೆ ಅದು ಮೋನೊ. ಇಎಎಸ್‌ಡಿ ಅಥವಾ ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಇಷ್ಟು ಗೊತ್ತಿದ್ದರೆ ರಾಶಿಯ ಮುಂದೆ ಕೂತು ಹುಡುಕುವಾಗ ಅರ್ಧ ಕೆಲಸ ಹಗುರ.

ಹುಡುಕಬೇಕಾದದ್ದು ಏನನ್ನು? ಅಪರೂಪದ್ದೆಂಬ ಒಂದೇ ಕಾರಣಕ್ಕೆ ಪ್ಲೇಟು ಕೊಳ್ಳುವುದು ಸಂಗೀತದ ಸಂಗ್ರಹ ಆಗುವುದಿಲ್ಲ. ಬೇರೆಲ್ಲೂ ಕೇಳಸಿಗದ ದನಿ ಅದರಲ್ಲಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇದಕ್ಕೆ ಕರ್ನಾಟಕದ್ದೇ ಒಳ್ಳೆಯ ಉದಾಹರಣೆ ಗಂಗೂಬಾಯಿ ಹಾನಗಲ್. 1930ರ ದಶಕದ ಅವರ ಎಚ್‌ಎಂವಿ ಪ್ಲೇಟುಗಳ ಮೇಲೆ ಅಚ್ಚಾಗಿರುವ ಹೆಸರು ‘ಗಾಂಧಾರಿ ಹಾನಗಲ್’. ಮುಳ್ಳು ಇಳಿಸಿದರೆ ಕೇಳುವುದು ಎಲ್ಲರಿಗೂ ಪರಿಚಿತವಾದ ಆ ಗಂಭೀರ, ಗಂಡುದನಿಗೆ ಹತ್ತಿರದ ಕಂಠವಲ್ಲ. ತೆಳುವಾದ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಎಳೆಯ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಕಂಠ ಬದಲಾಯಿತು. ಒಬ್ಬ ಗಾಯಕಿ ಕಳೆದುಕೊಂಡ ದನಿ ಆ ಅರಗಿನ ಗೆರೆಯಲ್ಲಿ ಉಳಿದಿದೆ. ಮಲ್ಲಿಕಾರ್ಜುನ ಮನ್ಸೂರರದೂ ಹಾಗೆಯೇ. 1930ರ ದಶಕದಿಂದ ಎಚ್‌ಎಂವಿಗೆ ಹಾಡಿದ, ಅಲ್ಲಿ ಸಂಗೀತ ನಿರ್ದೇಶಕರೂ ಆಗಿದ್ದ ಅವರ ಯೌವನದ 78ಗಳನ್ನು ವೃದ್ಧಾಪ್ಯದ ಎಲ್‌ಪಿಗಳ ಪಕ್ಕದಲ್ಲಿಟ್ಟು ಕೇಳಿದರೆ ಒಂದು ಘರಾನೆ ಒಬ್ಬ ಮನುಷ್ಯನೊಳಗೆ ಹೇಗೆ ಮಾಗಿತು ಎಂಬುದು ಕಿವಿಗೇ ಗೊತ್ತಾಗುತ್ತದೆ. ಸೂಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಕರಾಗಿದ್ದಾಗಲೇ ಪ್ಲೇಟು ಕೊಟ್ಟವರು. ಏಳು ತಂತಿಯ ಪಿಟೀಲಿನ ಚೌಡಯ್ಯನವರ 78ಗಳು, ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಎಲ್‌ಪಿ ಇವೂ ಹುಡುಕಿ ಇಟ್ಟುಕೊಳ್ಳಬೇಕಾದವು. ಇನ್ನೊಂದೆಡೆ, ಎಂ.ಎಸ್. ಸುಬ್ಬುಲಕ್ಷ್ಮಿಯವರ 1963ರ ವೆಂಕಟೇಶ ಸುಪ್ರಭಾತದ ಎಲ್‌ಪಿ ರಾಶಿರಾಶಿಯಾಗಿ ಮಾರಾಟವಾದದ್ದು. ಇಂದಿಗೂ ಸುಲಭವಾಗಿ ಸಿಗುತ್ತದೆ. ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳೂ ಈ ರಾಶಿಗಳಲ್ಲಿ ಇಣುಕುತ್ತವೆ. ಸೋವಿಯತ್ ಪುಸ್ತಕಗಳ ಜೊತೆ ಅಗ್ಗದಲ್ಲಿ ಬಂದ ಮೆಲೋಡಿಯಾ ಎಲ್‌ಪಿಗಳು, ಇಲ್ಲೇ ಅಚ್ಚಾದ ಡಾಯ್ಚ ಗ್ರಾಮಫೋನ್ ತಟ್ಟೆಗಳು ಅವುಗಳಲ್ಲಿ ಮುಖ್ಯ. ಆ ಸಂಗೀತದ ಧ್ವನಿಮುದ್ರಣ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಪುಟವಿದೆ. ರಷ್ಯಾದಿಂದ ಲಂಡನ್ನಿಗೆ ಹೋಗಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಾಗ್ಗೇಯಕಾರರ ಕೃತಿಗಳನ್ನು ಅವರಿಂದಲೇ ನುಡಿಸಿ ಎಚ್‌ಎಂವಿ ಪ್ಲೇಟುಗಳ ಸಂಪುಟಗಳಾಗಿ ಹೊರತರಲು ಹಣ ಕೊಟ್ಟವರು ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಒಡೆಯರಿಗೇ ಅರ್ಪಿಸಿದ್ದಾರೆ. ಮೈಸೂರು ಮಹಾರಾಜರ ಬೆಂಬಲದಿಂದ ಬಂದ ಆ ‘ಮೆಟ್ನರ್ ಸೊಸೈಟಿ’ ಸಂಪುಟಗಳನ್ನು ಇಂದು ಲೋಕದ ಸಂಗ್ರಾಹಕರೆಲ್ಲ ಹುಡುಕುತ್ತಾರೆ.

ಹಳೆಯ ಪ್ಲೇಟಿಗೆ ಬೆಂಗಳೂರಿನಲ್ಲಿ ಹಳೆಯ ವಿಳಾಸ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ. ದಕ್ಷಿಣದ ಬಡಾವಣೆಗಳಲ್ಲಿ ಮಾತ್ರ ಗುಜರಿ ಅಂಗಡಿ, ಮನೆ ಖಾಲಿ ಮಾಡುವವರ ಪರಿಚಯ ಮತ್ತು ಕಚೇರಿ ಮುಗಿದ ಮೇಲೆ ಸಭಾಂಗಣದ ಹೊರಗೆ ನಡೆಯುವ ಮಾತು, ಈ ಮೂರೇ ಹೆಚ್ಚು ಫಲ ಕೊಡುವ ದಾರಿಗಳು. ಗುಜರಿ ಅಂಗಡಿಯ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಮೇಲೆ ಕಾಣುವುದು ರಾಜ್‌ಕುಮಾರ್ ಚಿತ್ರಗಳ ಇಪಿಗಳು, ಮಕ್ಕಳ ಇಂಗ್ಲಿಷ್ ಪದ್ಯಗಳು, ಒಂದು ಸುಪ್ರಭಾತ. ತಳದಲ್ಲಿ ಮೂಲೆ ಸವೆದ ಒಂದು ಎಲ್‌ಪಿ ಕವರು. ಮೇಲಿನ ಬಲಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಮನೆಯವರ ಹೆಸರು, ಕೊಂಡ ತಾರೀಕು. ಒಳಗಿನ ತಟ್ಟೆ ಮಾತ್ರ ಬೇರೆ ಯಾವುದೋ ಕವರಿನದು. ಇಂಥ ಅದಲುಬದಲು ಬಹಳ ಸಾಮಾನ್ಯ. ಆದ್ದರಿಂದ ದುಡ್ಡು ಕೊಡುವ ಮೊದಲು ಕವರಿನ ಸಂಖ್ಯೆಯನ್ನೂ ಲೇಬಲ್ಲಿನ ಸಂಖ್ಯೆಯನ್ನೂ ತಾಳೆ ನೋಡಬೇಕು, ಪೆಟ್ಟಿಗೆಯ ಉಳಿದ ಕವರುಗಳ ಒಳಗೂ ಕೈಯಾಡಿಸಬೇಕು.

ಪ್ಲೇಟಿನ ಆರೋಗ್ಯವನ್ನು ಬಿಸಿಲಿನಲ್ಲಿ ನೋಡಬೇಕು. ಅಂಗಡಿಯ ಟ್ಯೂಬ್‌ಲೈಟ್ ಗೀರುಗಳನ್ನು ಮುಚ್ಚಿಬಿಡುತ್ತದೆ. ಎರಡು ಅಂಗೈಗಳ ನಡುವೆ ಅಂಚು ಹಿಡಿದು ಓರೆ ಮಾಡಿದಾಗ ಕಾಣುವ ಕೂದಲೆಳೆಯ ಗೆರೆಗಳಿಗೆ ಹೆದರಬೇಕಿಲ್ಲ. ಉಗುರಿಗೆ ತಗಲುವ ಗೀರಾದರೆ ಮುಳ್ಳಿಗೂ ತಗಲುತ್ತದೆ, ಪ್ರತಿ ಸುತ್ತಿಗೂ ‘ಟಕ್’ ಎನ್ನುತ್ತದೆ. ಹೊಳಪು ಹೋಗಿ ಬೂದಿಬಣ್ಣಕ್ಕೆ ತಿರುಗಿದ ಗೆರೆ ಭಾರದ ಮುಳ್ಳಿನಿಂದ ಸವೆದದ್ದು. ಅದನ್ನು ಯಾವ ತೊಳೆತವೂ ಸರಿ ಮಾಡಲಾರದು. ನಡುತೂತಿನ ಸುತ್ತ ಲೇಬಲ್ಲಿನ ಮೇಲೆ ಜೇಡರಬಲೆಯಂಥ ಗುರುತು ದಟ್ಟವಾಗಿದ್ದರೆ ಆ ಪ್ಲೇಟನ್ನು ಮನೆಯವರು ಪದೇಪದೇ ಹಾಕಿದ್ದಾರೆ ಎಂದರ್ಥ. ಚೆನ್ನಾಗಿ ಹಾಡಿದ ಪ್ಲೇಟೇ ಹೆಚ್ಚು ಸವೆದಿರುವುದು ಸಂಗ್ರಾಹಕರಿಗೆ ಎದುರಾಗುವ ಒಂದು ಸಂಕಟ.

ತೊಳೆಯುವುದರಲ್ಲಿ ಒಂದು ತಪ್ಪು ಎಂದೂ ಆಗಕೂಡದು: 78ಕ್ಕೆ ಸ್ಪಿರಿಟ್ ತಾಗಿಸಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಒಂದೇ ಒರೆಸಿಗೆ ಸಂಗೀತ ಅಳಿಸಿಹೋಗುತ್ತದೆ. ಅರಗಿನದು, ವಿನೈಲಿನದು ಎರಡೂ ಬಗೆಯ ಪ್ಲೇಟಿಗೆ ಭಟ್ಟಿಯಿಳಿಸಿದ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೃದುವಾದ ಬ್ರಷ್ಷು ಸಾಕು. ಕೊಳಾಯಿ ಅಥವಾ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಸುಣ್ಣ ಗೆರೆಯೊಳಗೆ ಕೂರುತ್ತದೆ. ಲೇಬಲ್ ನೆನೆಯದಂತೆ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ, ಬಟ್ಟೆ ಒಣಹಾಕಿದ ಹಾಗೆ ನೇರ ಬಿಸಿಲಿಗೆ ಇಡದೆ ನೆರಳಿನಲ್ಲಿ ನಿಲ್ಲಿಸಬೇಕು.

ಕೇಳುವ ಯಂತ್ರದ ವಿಷಯದಲ್ಲೂ ಎಚ್ಚರ ಬೇಕು. 1970ರ ದಶಕದ ಮನೆಗಳಲ್ಲಿದ್ದ ಎಚ್‌ಎಂವಿ ಫಿಯೆಸ್ಟಾ ಪೆಟ್ಟಿಗೆ ನೋಡಲು ಮುದ್ದಾಗಿದೆ, ಆದರೆ ಅದರ ಮುಳ್ಳಿನ ಭಾರ ಹೆಚ್ಚು. ಒಳ್ಳೆಯ ಎಲ್‌ಪಿಯನ್ನು ಎರಡು ಗ್ರಾಂ ಆಸುಪಾಸಿನ ಭಾರದ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಲ್ಲೇ ಕೇಳಬೇಕು. 78ಕ್ಕೆ ಬೇರೆಯೇ ಮುಳ್ಳು: ಅದರ ಗೆರೆ ಅಗಲ, ಮುಳ್ಳಿನ ತುದಿ ಸುಮಾರು 75 ಮೈಕ್ರಾನ್; ಸ್ಟೀರಿಯೊ ಎಲ್‌ಪಿಯದು ಸುಮಾರು 18. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದ ಕಸದಲ್ಲಿ ಓಡುತ್ತದೆ, ಗರಗರ ಸದ್ದೇ ಹಾಡಿಗಿಂತ ಮುಂದಾಗುತ್ತದೆ.

ವೇಗದ ಪ್ರಶ್ನೆ ನಮ್ಮ ಸಂಗೀತಕ್ಕೆ ವಿಶೇಷವಾಗಿ ಮುಖ್ಯ. ತಟ್ಟೆ ನೂರಕ್ಕೆ ಆರರಷ್ಟು ಜೋರಾಗಿ ತಿರುಗಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಹಳೆಯ ಬೆಲ್ಟು ಸಡಿಲಾದ ಯಂತ್ರದಲ್ಲಿ ಕೇಳಿ ‘ಇವರು ಇಷ್ಟು ತಗ್ಗಿನ ಶ್ರುತಿಯಲ್ಲಿ ಹಾಡುತ್ತಿದ್ದರು’ ಎಂದು ತೀರ್ಮಾನಿಸುವುದು ಕಲಾವಿದರಿಗೆ ಮಾಡುವ ಅನ್ಯಾಯ. ಮೊದಲ ಕಾಲದ 78ಗಳಂತೂ ಮುದ್ರಣದಲ್ಲೇ ಸರಿಯಾಗಿ 78ರಲ್ಲಿ ಇರಲಿಲ್ಲ. ಕಲಾವಿದರ ವಾಡಿಕೆಯ ಶ್ರುತಿ ತಿಳಿದಿದ್ದರೆ ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟು ವೇಗ ಹೊಂದಿಸಿಕೊಳ್ಳುವುದೇ ನಂಬಿಕಸ್ಥ ವಿಧಾನ. ಬೆಲ್ಟು, ತಂತಿ, ಸಣ್ಣಪುಟ್ಟ ಬಿಡಿಭಾಗಗಳಿಗೆ ಎಸ್.ಪಿ. ರೋಡ್ ಇದೆ.

ಇಡುವಾಗ ಪುಸ್ತಕದಂತೆ ನೇರವಾಗಿ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಾಗುತ್ತದೆ. ಬೆಂಗಳೂರಿನ ಬೇಸಿಗೆ ಪ್ಲೇಟಿಗೆ ಸಹ್ಯ. ಪಶ್ಚಿಮದ ಕಿಟಕಿಯ ಬಿಸಿಲು, ನಿಲ್ಲಿಸಿದ ಕಾರಿನ ಹಿಂದಿನ ಸೀಟು ಸಹ್ಯವಲ್ಲ. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯುತ್ತದೆ, ನೆಲಕ್ಕೆ ತಾಗಿಸಿಟ್ಟರೆ ಗೆದ್ದಲು. ಕವರನ್ನು ತಟ್ಟೆಯಷ್ಟೇ ಜತನ ಮಾಡಬೇಕು. 78ರ ಲೇಬಲ್ಲಿನಲ್ಲಿ ಪಕ್ಕವಾದ್ಯದವರ ಹೆಸರು ಅನೇಕ ಸಲ ಇರುವುದೇ ಇಲ್ಲ; ಪಿಟೀಲು, ಮೃದಂಗ, ತಂಬೂರಿಯವರು ಯಾರು, ರಾಗ ತಾಳ ಯಾವುದು ಎಂಬುದನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟದ್ದು ಎಲ್‌ಪಿ ಕವರಿನ ಹಿಂಬದಿ.

ಕೇಳಿದ್ದನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವುದು ಪ್ಲೇಟಿನ ಆಯುಸ್ಸನ್ನೂ ಹೆಚ್ಚಿಸುತ್ತದೆ. ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ರಚನೆಯ ಹಕ್ಕು ರಚನಕಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ. 1961ರಲ್ಲಿ ನಿಧನರಾದ ಮೈಸೂರು ವಾಸುದೇವಾಚಾರ್ಯರ ಕೃತಿಗಳ ಹಕ್ಕು ಆ ಲೆಕ್ಕದಲ್ಲಿ 2021ಕ್ಕೆ ಮುಗಿದಿದೆ; 1974ರಲ್ಲಿ ನಿಧನರಾದ ಜಯಚಾಮರಾಜ ಒಡೆಯರ ಕೃತಿಗಳದು 2034ರವರೆಗೆ ಇದೆ. ಹಂಚುವ ಮೊದಲು ಎರಡನ್ನೂ ಲೆಕ್ಕ ಹಾಕಬೇಕು. ಮುಂಬೈಯಲ್ಲಿ 1990ರಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್, ಗೌಹರ್ ಜಾನ್ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ಪ್ಲೇಟುಗಳಿಗಾಗಿ ಶ್ರಮಿಸಿದ ಸಂಸ್ಥೆಗಳು.

ಮನೆ ಖಾಲಿ ಮಾಡುವವರಲ್ಲಿ ಒಂದು ವಿನಂತಿ. ಪ್ಲೇಟುಗಳನ್ನು ತೂಕಕ್ಕೆ ಹಾಕುವ ಮೊದಲು ಪ್ರತಿಯೊಂದನ್ನೂ ಅದರದೇ ಕವರಿಗೆ ಸೇರಿಸಿ, ಸಂಗೀತ ಕೇಳುವ ಒಬ್ಬರಿಗೆ ಒಮ್ಮೆ ತೋರಿಸಿ.