ಕೆಂಪು ದೀಪವೆಂದರೆ ಕರೆಂಟಿದೆ ಎಂದು

ಶೃಂಗೇರಿಯಲ್ಲಿ ತುಂಗೆ ಎಷ್ಟು ಏರಿದಳು ಎಂದು ತಿಳಿಯಲು ಮಾಪಕ ಬೇಕಿಲ್ಲ. ದಡದ ಕಪ್ಪೆ ಶಂಕರ ಗುಡಿ ಮುಳುಗಿತೇ ಎಂದು ಕೇಳಿದರೆ ಸಾಕು. ಆದರೆ ಅದೇ ಮಳೆಗೆ ಹೋದ ಕರೆಂಟು ಎಲ್ಲಿ ಹೋಯಿತು ಎಂದು ತೋರಿಸುವ ಗುಡಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರರಲ್ಲೂ ಇಲ್ಲ.

ಇರುವುದು ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮು. ಹಳೆಯ ಪ್ಯಾನೆಲ್‌ಗಳ ಮುಖದ ಮೇಲೆ ಬಣ್ಣದ ಪಟ್ಟಿಯ ಗೆರೆಚಿತ್ರ: ಒಳಬರುವ ಲೈನು, ಬಸ್‌ಬಾರ್, ಅಲ್ಲಿಂದ ಇಳಿಯುವ 11 ಕೆ.ವಿ. ಫೀಡರುಗಳು. ಇದಕ್ಕೆ ಮಿಮಿಕ್ ಎನ್ನುತ್ತಾರೆ. ಪ್ರತಿ ಬ್ರೇಕರ್‌ಗೂ ಎರಡು ದೀಪ. ಕೆಂಪು ಉರಿದರೆ ಲೈನಿನಲ್ಲಿ ಕರೆಂಟಿದೆ, ಹಸಿರು ಉರಿದರೆ ಇಲ್ಲ. ರಸ್ತೆಯ ಸಿಗ್ನಲ್ ನೋಡಿ ಬಂದವರಿಗೆ ತಲೆಕೆಳಗು ಅನ್ನಿಸಿದರೂ ಇದರ ಮಾತು ನೇರ: ಕೆಂಪಿದ್ದಾಗ ಮುಟ್ಟಬೇಡ. ಪಾಳಿಯ ಆಪರೇಟರ್ ಗಂಟೆಗೊಮ್ಮೆ ಎದ್ದು ಆಂಪ್ಸ್, ವೋಲ್ಟೇಜ್ ನೋಡಿ ಲಾಗ್‌ಶೀಟ್‌ನಲ್ಲಿ ಬರೆಯುತ್ತಾರೆ.

ಇದೇ ಚಿತ್ರದ ಹಿರಿಯಣ್ಣ ಬೆಂಗಳೂರಿನ ರಾಜ್ಯ ವಿದ್ಯುತ್ ರವಾನೆ ಕೇಂದ್ರದ ಪರದೆಯಲ್ಲಿದೆ. ಶರಾವತಿಯ 1,035 ಮೆಗಾವಾಟ್, ಪಾವಗಡದ ಬಿಸಿಲು ಎಲ್ಲ ಅಲ್ಲಿ ಅಂಕಿಗಳಾಗಿ ಹೊಳೆಯುತ್ತವೆ. ಎಲ್ಲಕ್ಕಿಂತ ಹೆಚ್ಚು ಕಣ್ಣಿಡುವುದು ಜಾಲದ ಆವರ್ತನ, 50 ಹರ್ಟ್ಸ್ ಎಂಬ ಒಂದೇ ಅಂಕಿಯ ಮೇಲೆ. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದಾಗ ನಾವು ಉಳಿದದ್ದು ದಕ್ಷಿಣದ ಜಾಲ ಬೇರೆಯೇ ಆವರ್ತನದಲ್ಲಿ ನಡೆಯುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಎರಡೂ ಜಾಲಗಳನ್ನು ಬೆಸೆಯಿತು. ಈಗ ಕೊಪ್ಪದ ಮಿಕ್ಸಿಗೂ ಕಾಶ್ಮೀರದ ಫ್ಯಾನಿಗೂ ಒಂದೇ ತಾಳ.

ಇಷ್ಟು ದೂರ ಕಾಣುವ ಚಿತ್ರ ಊರಿನ ಹತ್ತಿರ ಬಂದಾಗ ಮಸುಕಾಗುತ್ತದೆ. ಪರದೆಯಲ್ಲಿ ಫೀಡರ್ ಒಂದು ನೇರ ಗೀಟು. ನೆಲದ ಮೇಲೆ ಅದು ಅಡಿಕೆ ತೋಟ, ಕಾಫಿ ಎಸ್ಟೇಟು, ಕಾಡು, ಭದ್ರೆಯ ಹಿನ್ನೀರಿನ ಅಂಚು ಎಲ್ಲ ಸುತ್ತುತ್ತದೆ. ವಿತರಣಾ ಜಾಲವನ್ನು ಕಂಪ್ಯೂಟರಿಗೆ ತಂದ ಕೇಂದ್ರದ ಆರ್-ಎಪಿಡಿಆರ್‌ಪಿ ಯೋಜನೆ 30 ಸಾವಿರಕ್ಕಿಂತ ಹೆಚ್ಚು ಜನರಿರುವ ಪೇಟೆಗಳಿಗೆ, ದೂರದಿಂದಲೇ ಲೈನು ನೋಡಿ ನಿಯಂತ್ರಿಸುವ ಅದರ ಸ್ಕಾಡಾ 4 ಲಕ್ಷ ದಾಟಿದ ನಗರಗಳಿಗೆ ಮೀಸಲಾಗಿತ್ತು. ನಮ್ಮ ಮೂರು ತಾಲ್ಲೂಕು ಕೇಂದ್ರಗಳನ್ನು ಒಟ್ಟು ಕೂಡಿಸಿದರೂ ಮೊದಲ ಗಡಿ ಮುಟ್ಟುವುದಿಲ್ಲ. ಜನರನ್ನು ಎಣಿಸುವ ಬದಲು ಮರಗಳನ್ನು ಎಣಿಸಿದ್ದರೆ ನಾವೇ ಮೊದಲಿಗರು.

ಹಾಗಾಗಿ ನಕ್ಷೆ ಇರುವುದು ಪವರ್‌ಮ್ಯಾನ್ ತಲೆಯಲ್ಲಿ. ಲೈನ್ ಟ್ರಿಪ್ಪಾದಾಗ ರಿಲೇ 'ಅರ್ತ್ ಫಾಲ್ಟ್' ಎಂದಷ್ಟೇ ಹೇಳುತ್ತದೆ, ಯಾವ ತಿರುವಿನ ಯಾವ ಮರ ಎಂದಲ್ಲ. ನಡುವಿನ ಜಿ.ಓ.ಎಸ್. ಸ್ವಿಚ್ ಬಿಡಿಸಿ ಅರ್ಧ ಲೈನ್ ಚಾರ್ಜ್ ಮಾಡಿಸುತ್ತಾರೆ. ಅದು ಟ್ರಿಪ್ಪಾಗದೆ ನಿಂತರೆ ದೋಷ ಉಳಿದರ್ಧದಲ್ಲಿ. ಅದನ್ನೂ ಹೀಗೆಯೇ ಅರ್ಧ ಮಾಡುತ್ತಾ ಟಾರ್ಚ್ ಹಿಡಿದು ನಡೆಯಬೇಕು.

ಮರದ ಮಾತು ಮಲೆನಾಡಿನದ್ದಷ್ಟೇ ಅಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೋದಲ್ಲಿ ದೊಡ್ಡ ಲೈನುಗಳು ಮರಕ್ಕೆ ತಾಗಿ ಟ್ರಿಪ್ಪಾದವು. ಅಲಾರಂ ತಂತ್ರಾಂಶ ಕೆಟ್ಟಿದ್ದರಿಂದ ಪರದೆಯ ಮುಂದಿದ್ದವರಿಗೆ ಅದು ಗೊತ್ತಾಗಲಿಲ್ಲ. ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು.

ಇಲ್ಲಿ ಕೊನೆಯ ಅಲಾರಂ ಫೋನು. ಕೊಂಬೆ ಕಡಿದಾಯಿತು, ಎಲ್‌ಸಿ ವಾಪಸ್ ಎಂದು ಕಾಡಿನಿಂದ ದನಿ ಬರುತ್ತದೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್, ಲೈನ್ ಬಂದ್ ಮಾಡಿಸಿ ಕೆಲಸ ಮಾಡಲು ಪಡೆಯುವ ಅನುಮತಿ. ಆ ಫೀಡರಿನ ಮೇಲೆ ಪಡೆದ ಎಲ್ಲ ಲೈನ್ ಕ್ಲಿಯರ್‌ಗಳೂ ಮರಳಿದವೇ ಎಂದು ಪುಸ್ತಕ ನೋಡಿಕೊಂಡು ಆಪರೇಟರ್ ಹಿಡಿ ತಿರುಗಿಸುತ್ತಾರೆ. ಹಸಿರು ಆರಿ ಕೆಂಪು ಹೊತ್ತುತ್ತದೆ. ಜೂನ್–ಜುಲೈನಲ್ಲಾದರೆ ಒಮ್ಮೊಮ್ಮೆ ಆ ಕ್ಷಣಕ್ಕೇ ಮತ್ತೆ ಹಸಿರು. ಇನ್ನೊಂದು ಮರ.